ಕೆಳಗಿನ ಟ್ರೇ

ಡಾಕ್ಟರು ಬಾಗಿಲು ತೆರೆದು ಹೊರಗೆ ಬಂದು, "ಯಜಮಾನರೇ, ನಿಮ್ಮವರು ಹೋಗಿಬಿಟ್ಟರು" ಎಂದಾಗ ನಾನು ಬೆರಳೆತ್ತಿ, "ಒಂದು ನಿಮಿಷ ಡಾಕ್ಟ್ರೇ, ಇವಳು ಉತ್ತರ ಮುಗಿಸಲಿ" ಎಂದೆ. ಹೆಂಡತಿಯ ಸಾವನ್ನು ಹೊರಗೆ ಕಾಯಿಸಿದ ಗಂಡ ಲೋಕದಲ್ಲಿ ನಾನೊಬ್ಬನೇ ಇರಬೇಕು.

ಆಸ್ಪತ್ರೆಯ ಓಣಿಯಲ್ಲಿ, ಎದುರಿನ ಕುರ್ಚಿಯ ತುದಿಯಲ್ಲಿ ಮೊಮ್ಮಗಳು ಬೆನ್ನು ನೆಟ್ಟಗೆ ಮಾಡಿಕೊಂಡು ಕುಳಿತಿದ್ದಳು. ಅವಳ ಮಾತು ಅರ್ಧಕ್ಕೇ ನಿಂತಿತ್ತು: "ಆ ವರ್ಷ ನಮ್ಮ ಅಜ್ಜಿಗೆ ತುಂಬಾ ಹುಷಾರಿರಲಿಲ್ಲ. ಅವರನ್ನು ನೋಡಿಕೊಳ್ಳಬೇಕಾಗಿ..."

ಆ ಉತ್ತರ ನಾನು ಹೆಣೆದುಕೊಟ್ಟದ್ದು. ದೊಡ್ಡದೊಂದು ಹೂಡಿಕೆಯ ಕಂಪನಿಯಿಂದ ಅವಳಿಗೆ ಸಂದರ್ಶನಕ್ಕೆ ಕರೆ ಬಂದಿತ್ತು. ಕಾಲೇಜಿನ ಎರಡನೆಯ ವರ್ಷ ಸಂಖ್ಯಾಶಾಸ್ತ್ರದಲ್ಲಿ ಅವಳ ಅಂಕ ಕುಸಿದಿತ್ತು; ಅದನ್ನು ಕೇಳದೆ ಬಿಡುವವರಲ್ಲ ಅವರು. ಅಂಥದ್ದೇ ಕಂಪನಿಯೊಂದರಲ್ಲಿ ಅರ್ಜಿ ವಿಂಗಡಿಸುತ್ತಲೇ ನಾನು ಮುದುಕನಾದವನು. ಅಂಕ ಸಾಲುವಷ್ಟಿದ್ದರೆ ಮೇಲಿನ ಟ್ರೇ, ಇಲ್ಲದಿದ್ದರೆ ಕೆಳಗಿನ ಟ್ರೇ. ಕೆಳಗಿನದನ್ನು ಸಂಜೆ ಕಸ ಗುಡಿಸುವಾಕೆ ಖಾಲಿ ಮಾಡುತ್ತಿದ್ದಳು. ಹೀಗಾಗಿ ಕರೆ ಬಂದಾಗ ನನಗೆ ಸಂತೋಷಕ್ಕಿಂತ ಗಾಬರಿಯೇ ಹೆಚ್ಚಾಯಿತು. ರಜೆಯಲ್ಲಿ ಆ ಕರೆದ ಕಂಪನಿಗೇ ಕೆಲಸ ಕಲಿಯಲು ಹೋಗಿದ್ದಾಗ ಅವಳ ಕೆಲಸ ಕಂಡ ಯಾರೋ ಅವಳ ಹೆಸರು ಹೇಳಿದ್ದರಂತೆ.

"ನಾನಿದ್ದಿದ್ರೆ ನಿನ್ನನ್ನ ಕರೀತಾನೇ ಇರ್ಲಿಲ್ಲ ಪುಟ್ಟಿ" ಎಂದಿದ್ದೆ.

"ನೀವಲ್ಲಿ ಇಲ್ಲ ಅಂತಾನೇ ಕರೆದಿರೋದು" ಎಂದಿದ್ದಳು ನನ್ನವಳು, ಅಡುಗೆಮನೆಯಿಂದ.

ಅಜ್ಜಿಯ ಕಾಯಿಲೆಯ ಕಥೆ ಕೇಳಿ ನನ್ನವಳು ಬಿದ್ದು ಬಿದ್ದು ನಕ್ಕಿದ್ದಳು. ಆ ವರ್ಷ ಅವಳು ಗುಂಡುಕಲ್ಲಿನ ಹಾಗಿದ್ದಳು. ಒಂದು ಸೀನೂ ಸೀನಿದವಳಲ್ಲ. "ಎರಡು ಹೊತ್ತೂ ದೇವರ ಹೆಸರು ಹೇಳೋ ಬಾಯಲ್ಲಿ ಸುಳ್ಳು ಎಷ್ಟು ಸಲೀಸಾಗಿ ಬರುತ್ತೆ ನೋಡೇ! ಆಗ್ಲಿ, ನನ್ನ ಹೆಸರು ಹೇಳ್ಕೋ. ಬೇಕಾದ್ರೆ ಸತ್ತೇ ಹೋಗಿದ್ರು ಅನ್ನು, ನಾನೇನು ಬೇಜಾರು ಮಾಡ್ಕೊಳಲ್ಲ." ಮರುವಾರವೇ ಹಾಸಿಗೆ ಹಿಡಿದಳು. ನಾನು ಹುಟ್ಟಿಸಿದ ಕಾಯಿಲೆ ಸ್ವಲ್ಪ ತಡವಾಗಿ ಬಂದಿತ್ತು, ಅಷ್ಟೇ.

ಮಣ್ಣು ಮಾಡಿ ಬಂದ ಮರುದಿನವೇ ಸಂದರ್ಶನ. ಬೆಳಿಗ್ಗೆ ಮೊಮ್ಮಗಳು ತಲೆಯನ್ನೂ ಬಾಚಿಕೊಳ್ಳದೆ ಅಜ್ಜಿಯ ಮಂಚದ ಮೇಲೆ ಕುಳಿತಿದ್ದಳು.

"ನಾನು ಹೋಗಲ್ಲ ತಾತ. ಇನ್ನೊಂದು ದಿನ ಕೊಡಿ ಅಂತ ಕೇಳ್ತೀನಿ."

"ಹಾಗೆ ಕೇಳಿದವರನ್ನ ನಾನು ಎಲ್ಲಿ ಹಾಕ್ತಿದ್ದೆ ಗೊತ್ತಾ?"

"ಗೊತ್ತು. ಕೆಳಗಿನ ಟ್ರೇಲಿ."

"ಮತ್ತೆ? ಎದ್ದು ಹೊರಡು. ಈಗಂತೂ ಆ ಉತ್ತರ ಹೇಳಿದ್ರೆ ಯಾರೂ ಅನುಮಾನ ಪಡಲ್ಲ. ಕಣ್ಣು ಬೇರೆ ಊದ್ಕೊಂಡಿದೆ."

ಹೇಳಿದ ಮೇಲೆ ನನ್ನ ಕಿವಿಗೇ ಅದು ಕೇಳಿಸಿತು. ಹೆಂಡತಿಯ ಸಾವನ್ನೂ ಒಳ್ಳೆಯ ಹೂಡಿಕೆಯಾಗಿಸಬಲ್ಲ ಜಾಣನಾಗಿದ್ದೆ. ಇಂಥ ಬುದ್ಧಿಯಿದ್ದೂ ಕಂಪನಿಯವರು ನನ್ನನ್ನು ಅರ್ಜಿಯ ಮೇಜಿನಿಂದ ಮೇಲೆ ಹತ್ತಿಸಲಿಲ್ಲವಲ್ಲ! ಮೊಮ್ಮಗಳು ನನ್ನನ್ನೇ ಒಂದು ಗಳಿಗೆ ನೋಡಿದಳು. ಎದ್ದು ತಲೆ ಬಾಚಿಕೊಂಡು ಹೋದಳು.

ಮಧ್ಯಾಹ್ನ ಅವಳು ಚಪ್ಪಲಿ ಬಿಡುವ ಮೊದಲೇ ನಾನು ಬಾಗಿಲಲ್ಲಿದ್ದೆ. "ಕೇಳಿದ್ರಾ?"

"ಕೂತ ತಕ್ಷಣ ಅದನ್ನೇ ಕೇಳಿದ್ರು."

ನನ್ನ ಎದೆ ಉಬ್ಬಿತು. ಸೂತಕದ ಮನೆಯಲ್ಲಿ ಉಬ್ಬಬಾರದಿತ್ತು. "ಹೇಳಿದ್ಯಾ?"

"ಆ ವರ್ಷ ನಮ್ಮ ಅಜ್ಜಿ ಅಂತ ಶುರು ಮಾಡಿದೆ ತಾತ. ಅಲ್ಲಿಗೇ ನಿಂತೋಯ್ತು. ಈಗ ಡಾಕ್ಟ್ರು ಬಾಗಿಲು ತೆಗೀತಾರೆ ಅನ್ನಿಸ್ತು. ಎದುರಿಗೆ ಕೂತಿದ್ದ ಮೂರೂ ಜನ ನನ್ನೇ ನೋಡ್ತಿದ್ರು." ಅವಳು ನೀರು ಕುಡಿದಳು. "ಆಮೇಲೆ, ಆ ವರ್ಷ ನಮ್ಮ ಅಜ್ಜಿ ಚೆನ್ನಾಗೇ ಇದ್ರು, ದಿನಾ ಬೈದು ಎಬ್ಬಿಸ್ತಿದ್ರು, ಆ ವಿಷಯ ನನ್ನ ತಲೆಗೇ ಹತ್ತಲಿಲ್ಲ, ನಾಚಿಕೆಗೆ ಯಾರನ್ನೂ ಕೇಳಲಿಲ್ಲ, ಮುಂದಿನ ವರ್ಷ ಕೂತು ಕಲಿತೆ ಅಂದೆ."

"ಅಯ್ಯೋ! ಹಾಗೇ ಹೇಳಿಬಿಟ್ಯಾ? ಅದಕ್ಕೇನಂದ್ರು?"

"ಕಲಿತಿದ್ರೆ ಇದನ್ನ ಬಿಡಿಸು ಅಂತ ಒಂದು ಲೆಕ್ಕ ಕೊಟ್ರು. ಬಿಡಿಸಿದೆ. ಮುಂದಿನ ಸುತ್ತಿಗೆ ಬಾ ಅಂದ್ರು. ಅಲ್ಲಿ ಕೂರೋರೂ ಮೊದಲು ಮಾರ್ಕ್ಸೇ ಕೇಳ್ತಾರಂತೆ."

"ನೋಡಿದ್ಯಾ! ಮಾರ್ಕ್ಸು ಮುಖ್ಯ ಅಂತ ನಾನು ಬಡ್ಕೊಳ್ತಾನೇ..."

"ಮುಖ್ಯಾನೇ ತಾತ, ಯಾರು ಇಲ್ಲ ಅಂದ್ರು? ಏಳಿ, ಊಟ ಮಾಡಿ" ಎಂದಳು. ಥೇಟ್ ಅವಳ ಅಜ್ಜಿಯ ದನಿ. ನಾನು ತೆಪ್ಪಗೆ ಎದ್ದೆ.

ಸಂಜೆ ಪ್ರಾರ್ಥನೆಗೆ ಕುಳಿತೆ. ಅದರಲ್ಲಿ ನನ್ನ ಹಾಜರಿ ಪೂರ್ತಿ. ಒಂದು ದಿನವೂ ತಪ್ಪಿಲ್ಲ. ನನ್ನವಳು ಹಾಗಲ್ಲ. ಪಕ್ಕದಲ್ಲಿ ಕೂತವಳು, ಹಾಲು ಉಕ್ಕುತ್ತದೆಂದೋ ಯಾರೋ ಕರೆದರೆಂದೋ ಮಧ್ಯದಲ್ಲೇ ಎದ್ದು ಹೋಗುತ್ತಿದ್ದಳು. ಪಾಪ, ಅವಳ ಪರವಾಗಿ ನಾನೇ ಎರಡು ಮಾತು ಹೇಳೋಣವೆಂದು ಕಣ್ಣು ಮುಚ್ಚಿ, "ದೇವರೇ, ಅವಳ ಹಾಜರಿ ಕಡಿಮೆ, ನಿಜ. ಆದರೆ ಮನೆಯ ಕೆಲಸ ಬಹಳವಿದ್ದ ಕಾರಣ..." ಎಂದು ಶುರುಮಾಡಿದೆ. ಉತ್ತರ ಹೆಣೆಯುವ ಚಾಳಿ! ಮುಂದಕ್ಕೆ ಬರಲಿಲ್ಲ. ಆಮೇಲೆ ಕೈಮುಗಿದು ಇಷ್ಟೇ ಬೇಡಿಕೊಂಡೆ:

"ತಂದೆ, ಅವಳ ಆತ್ಮಕ್ಕೆ ಶಾಂತಿ ಕೊಡು. ಸಾಧ್ಯವಾದರೆ ಅವಳನ್ನು ನಿನ್ನ ಬಾಗಿಲ ಹತ್ತಿರವೇ ಕೂರಿಸಿಕೋ. ನನ್ನ ಅರ್ಜಿ ಬಂದ ದಿನ, ಸಂಜೆಯಾಗುವುದರೊಳಗೆ ಆ ಕೆಳಗಿನ ಟ್ರೇಗೆ ಕೈಹಾಕಿ ಹುಡುಕುವವರು ಅಲ್ಲಿ ಒಬ್ಬರಾದರೂ ಇರಲಿ."