ಪೋಸ್ಟರಿಗೊಂದು ನಗು

ಆ ವರ್ಷ ಪೊಲೀಸ್ ಕೆಲಸಕ್ಕೆ ಅರ್ಜಿ ಹಾಕುವವರೇ ಕಡಿಮೆಯಾಗಿದ್ದರು. ಪ್ರಚಾರ ಹೇಗಿರಬೇಕೆಂದು ಮಾತಾಡಲು ಜಾಹೀರಾತು ಕಂಪನಿಯ ಮೇಡಂ ಸಾಹೇಬರೆದುರು ಕೂತಿದ್ದರು.

"ಪೋಸ್ಟರಿಗೆ ನಗ್ತಿರೋ ಪೊಲೀಸ್ ಬೇಕು ಸಾರ್. ಮಾಡೆಲ್ ಬೇಡ, ನಿಮ್ಮವರೇ ಆಗ್ಬೇಕು."

ಎರಡು ವರ್ಷದಿಂದ ತಮ್ಮ ಬಾಗಿಲು ಕಾಯುತ್ತಿದ್ದ ಕಾನ್‌ಸ್ಟೆಬಲ್‌ನತ್ತ ಸಾಹೇಬರು ಕೈ ಮಾಡಿದರು. "ಆಲ್ಬಮ್ ಎಲ್ಲಾ ತಗೊಂಡು ಬಾರಯ್ಯ."

ಅವನು ತಂದು ಒಂದೊಂದೇ ಹಾಳೆ ತಿರುವಿದ. ಅವನಿಗೆ ಬೇಸರವೂ ಇರಲಿಲ್ಲ, ಅವಸರವೂ ಇರಲಿಲ್ಲ. ಪರೇಡು, ಗಣಪತಿ ಬಂದೋಬಸ್ತು, ಮಂತ್ರಿಗಳ ಭೇಟಿ. ನೂರಾರು ಮುಖಗಳಲ್ಲಿ ದುರ್ಬೀನು ಹಾಕಿ ಹುಡುಕಿದರೂ ಒಂದು ನಗು ಸಿಗಲಿಲ್ಲ. ಕೊನೆಗೆ ತರಬೇತಿ ಶಾಲೆಯ ಆಲ್ಬಮ್ಮಿನಲ್ಲಿ ಅವನ ಬೆರಳು ನಿಂತಿತು. ಹೊಸ ಸಮವಸ್ತ್ರದ ಹುಡುಗನೊಬ್ಬ ತನ್ನ ಟೋಪಿಯನ್ನು ಅಮ್ಮನ ತಲೆಗಿಟ್ಟು ಬಾಯ್ತುಂಬ ನಗುತ್ತಿದ್ದ.

"ಇವರೇ ಬೇಕು," ಎಂದರು ಮೇಡಂ. "ಯಾವಾಗಿನ ಫೋಟೋ?"

"ಐದು ವರ್ಷ ಆಯ್ತು ಮೇಡಂ."

"ಹಾಗಾದ್ರೆ ಈಗ್ಲೂ ಹೀಗೇ ಇರ್ತಾರೆ. ನಾಳೆ ಶೂಟಿಂಗಿಗೆ ಸಿಗ್ತಾರಾ?"

ಸಾಹೇಬರು ಫೋಟೋವನ್ನು ಹತ್ತಿರ ಹಿಡಿದು ನೋಡಿದರು. "ನಮ್ಮಲ್ಲಿ ಇಂಥವನೂ ಇದ್ದಾನೇನಯ್ಯ? ಯಾವ ಸ್ಟೇಷನ್ನಲ್ಲಿದ್ದಾನೋ ಹುಡುಕಿ ಕರೆಸು."

ಕಾನ್‌ಸ್ಟೆಬಲ್ ಆಲ್ಬಮ್ ಮುಚ್ಚಿ ನೆಟ್ಟಗೆ ನಿಂತ.

"ಇಲ್ಲೇ ಇದ್ದೀನಿ ಸಾರ್."