ಕೇಳದೇ ಕೊಟ್ಟ ಲೆಕ್ಕ

ಬಿಳಿ ಶರ್ಟಿನ ಮನುಷ್ಯ ಗೇಟಿನಾಚೆ ಪಾಪಕ್ಕನ ಟೀ ಅಂಗಡಿಯಲ್ಲಿ ಕೂತು ಏನೋ ವಿಚಾರಿಸುತ್ತಿದ್ದ. ಪಾಪಕ್ಕ ಕಾರ್ಖಾನೆಯ ಕಡೆ ಕೈ ತೋರಿಸಿದಳು. ಅಲ್ಲಿ ಲೆಕ್ಕ ಬರೆಯುವ ಪ್ರಸನ್ನ ಕುಮಾರ ಕಿಟಕಿಯಿಂದ ಇದನ್ನು ಕಂಡು ಬೇಗ ಬೇಗ ಅಂಗಿ ಸರಿಮಾಡಿಕೊಂಡ. ಕಾರ್ಖಾನೆ ಕೊಟ್ಟ ವರದಿ ಸರಿಯಿದೆಯೇ ಎಂದು ನೋಡಲು ಬೆಂಗಳೂರಿನ ಪರಿಶೀಲಕರು ಬರುವ ದಿನ ಅದು.

ಮಧುಗಿರಿ ಹೊರವಲಯದ ಈ ಕಾರ್ಖಾನೆಯಲ್ಲಿ ಹುಣಸೆ ರಸ ಕಾಯಿಸಿ, ಗಟ್ಟಿಮಾಡಿ ಹೊರದೇಶಕ್ಕೆ ಕಳಿಸುತ್ತಾರೆ. ಗಾಳಿಗೆ ಎಷ್ಟು ಇಂಗಾಲ ಬಿಡುತ್ತೀರಿ ಎಂದು ಯಾವ ಸರ್ಕಾರವೂ ಕೇಳಿರಲಿಲ್ಲ. ಮಾಲೀಕ ವೀರಭದ್ರಯ್ಯನವರೇ ಮುಂದೆ ಬಿದ್ದು ವರದಿ ಕೊಡಲು ಒಪ್ಪಿದ್ದರು. ಹೊರದೇಶದ ಗಿರಾಕಿಗಳ ಮುಂದೆ ಮರ್ಯಾದೆ ಹೆಚ್ಚುತ್ತದಲ್ಲ. ಬರೆದವನು ಪ್ರಸನ್ನ. ಅದರಲ್ಲಿ ಬಾಯ್ಲರಿಗೆ ಹಾಕುವ ಕಡಲೆಕಾಯಿ ಹೊಟ್ಟು ಬಂತು, ಚಾವಣಿಯ ಸೋಲಾರ್ ಬಂತು. ಹಿಂದಿನ ಶೆಡ್ಡಿನ ಡೀಸೆಲ್ ಜನರೇಟರ್ ಮಾತ್ರ ಬರಲಿಲ್ಲ.

"ಯಾರೂ ಕೇಳ್ದಿರೋ ಲೆಕ್ಕ ನಾವಾಗಿ ಕೊಡ್ತಿದ್ದೀವಿ. ಅದ್ರಲ್ಲಿ ನಮ್ ಮುಖಕ್ಕೆ ನಾವೇ ಮಸಿ ಬಳ್ಕೋಬೇಕಾ?" ಎಂದಿದ್ದರು ಧಣಿ. ಬಾಯಿ ಬಿಟ್ಟರೆ ಕೆಲಸ ಹೋಗುತ್ತದೆ ಅನ್ನುವುದು ಆ ದನಿಯಲ್ಲೇ ಇತ್ತು. ಅಂದಿನಿಂದ ಪ್ರಸನ್ನನಿಗೆ ಊಟ ರುಚಿಸಿರಲಿಲ್ಲ. ಅದರ ಮೇಲೆ ಊರು ತಾವರೆಕೆರೆಯಿಂದ ಅವ್ವನ ಫೋನು ಬೇರೆ: ಈ ವಾರ ಗಡ್ಡ ಬಿಡಬೇಡ, ಇಸ್ತ್ರಿ ಅಂಗಿ ಹಾಕು. ಇವನ ತಲೆಬಿಸಿ ಅವ್ವನಿಗೆ ಹೇಗೆ ಗೊತ್ತಾಗಬೇಕು.

ಆ ಮನುಷ್ಯ ಒಳಗೆ ಬಂದು, "ಈ ಕಡೆ ಬಂದಿದ್ದೆ, ನೋಡ್ಕೊಂಡ್ ಹೋಗೋಣ ಅಂತ" ಎಂದಷ್ಟೇ ಹೇಳಿದ. ಪ್ರಸನ್ನ ಆತನಿಗೆ ಉಸಿರು ಬಿಡಲು ಅವಕಾಶ ಕೊಡದೆ ಬಾಯ್ಲರ್ ಮನೆಗೆ ಕರೆದೊಯ್ದ. ಚಿಮಣಿ ತೋರಿಸಿದರೆ ಆತ ಇವನ ಮುಖ ನೋಡುತ್ತಿದ್ದ. ಎಷ್ಟು ವರ್ಷದಿಂದ ಇಲ್ಲಿದ್ದೀರಿ, ಕೆಲಸ ಖಾಯಂ ಆಗಿದೆಯಾ, ಧಣಿಗೆ ನಿಮ್ಮ ಮೇಲೆ ನಂಬಿಕೆಯಾ ಎಂದು ಕೇಳಿದ. ಹೀಗೆ ಸುತ್ತಿ ಬಳಸಿ ಬಾಯಿ ಬಿಡಿಸುವುದೇ ಇಂಥವರ ಪದ್ಧತಿ ಎಂದುಕೊಂಡ ಪ್ರಸನ್ನ. ಕೊನೆಗೆ ಆತ ಮೆಲ್ಲಗೆ ಅಂದ:

"ಮುಚ್ಚಿಡೋ ಅಂಥದ್ದೇನೂ ಇಲ್ಲ ತಾನೇ?"

ಇನ್ನು ತಡೆಯಲಾಗಲಿಲ್ಲ. ಪ್ರಸನ್ನ ಅವನನ್ನು ಹಿಂದಕ್ಕೆ ಕರೆದೊಯ್ದು ಶೆಡ್ಡಿನ ಬಾಗಿಲು ತೆಗೆದ.

"ಸಾರ್, ಇದು ವರದೀಲಿಲ್ಲ. ಕರೆಂಟ್ ಹೋದಾಗೆಲ್ಲ ಇದೇ ಓಡೋದು. ಬೇಡ ಅಂದೋರು ಧಣಿ, ಬರೀದೇ ಬಿಟ್ಟೋನು ನಾನು."

ಆತ ಮಸಿ ಹಿಡಿದ ಗೋಡೆಯನ್ನೂ ಇವನನ್ನೂ ಬದಲಿಸಿ ಬದಲಿಸಿ ನೋಡಿದ. ಏನೂ ಬರೆದುಕೊಳ್ಳಲಿಲ್ಲ. ಟೀ ತರಿಸಿದರೆ, ಇನ್ನೊಂದ್ಸಲ ಬಂದಾಗ ಕುಡಿಯೋಣ ಎಂದು ಹೊರಟುಹೋದ. ಪ್ರಸನ್ನನಿಗೆ ಹೆದರಿಕೆಯೂ ಆಯಿತು, ಎದೆಯ ಭಾರ ಇಳಿದಂತೆಯೂ ಆಯಿತು.

ಮಧ್ಯಾಹ್ನ ವೀರಭದ್ರಯ್ಯನವರ ಫೋನು ಬಂತು. ಕಾರು ದಾರಿಯಲ್ಲೇ ಕೆಟ್ಟು ಬೆಂಗಳೂರಿನವರು ವಾಪಸ್ಸು ಹೋದರಂತೆ, ಇನ್ನು ಬರುವುದು ನಾಳೆ. ಜನರೇಟರ್ ವಿಷಯ ಮಾತ್ರ ನೆನಪಿರಲಿ ಎಂದರು.

ಪ್ರಸನ್ನ ಕಿಟಕಿಗೆ ಹೋಗಿ ಪಾಪಕ್ಕನ ಅಂಗಡಿಯತ್ತ ನೋಡಿದ. ಹಾಗಾದರೆ ಬೆಳಿಗ್ಗೆ ಬಂದವನು ಯಾರು? ಅಷ್ಟರಲ್ಲಿ ಫೋನು ಮತ್ತೆ ಹೊಡೆದುಕೊಂಡಿತು. ಅವ್ವ.

"ಹೆಣ್ಣಿನಪ್ಪ ಗುಟ್ಟಾಗಿ ಬಂದು ನಿನ್ನ ನೋಡ್ಕೊಂಡ್ ಹೋದ್ರಂತೆ ಕಣ್ಲಾ, ಹುಡುಗ ಒಪ್ಗೆ, ಆದ್ರೆ ಆ ಕೆಲ್ಸ ಬಾಳ ದಿನ ಉಳಿಯಾಕಿಲ್ಲ ಅಂದ್ರು."