ಪೆತ್ರೋನಾ ಬಡಿಸಿದ ಸಾರು

ನಾಯಿ ಬಟ್ಟಲು ನೆಕ್ಕಿ ಮುಗಿಸಿ ಪಾದ್ರಿ ಅನ್ಸೆಲ್ಮೊ ಅವರ ಮುಖ ನೋಡಿತು. ಅವರು ಅಡುಗೆಮನೆಯ ಹಿಂಗೋಡೆಗೆ ಒರಗಿ ಕಾದರು. ಸ್ವಲ್ಪ ಹೊತ್ತಿಗೆ ನಾಯಿಯ ಹೊಟ್ಟೆ ಹಿಂಡಿತು. ತಿಂದದ್ದೆಲ್ಲ ಹೊರಗೆ ಬಂತು. ಆಮೇಲೆ ಅದು ನೆರಳು ಹುಡುಕಿಕೊಂಡು ಹೋಗಿ ಮಲಗಿತು.

ಹಾಗಾದರೆ ಸಾರಿನಲ್ಲೇ ಏನೋ ಇದೆ.

ವಾರದಿಂದ ಅವರಿಗೂ ಇದೇ ಗತಿಯಾಗಿತ್ತು. ಮಧ್ಯಾಹ್ನ ಪೆತ್ರೋನಾ ಬಡಿಸಿದ ಕುರಿಮಾಂಸದ ಸಾರು ಉಂಡರೆ ಸಂಜೆಯ ಪ್ರಾರ್ಥನೆಗೆ ನಿಲ್ಲಲು ಕಾಲಲ್ಲಿ ತ್ರಾಣವಿರುತ್ತಿರಲಿಲ್ಲ. ಮೊದಲು ಆಗಸ್ಟಿನ ಬಿಸಿಲನ್ನು ದೂರಿದರು, ಆಮೇಲೆ ನದಿಯ ನೀರನ್ನು. ಅವಳನ್ನು ಅನುಮಾನಿಸಲು ಮನಸ್ಸು ಬರಲಿಲ್ಲ. ಸ್ಪೇನಿನಿಂದ ಹೊರಟು, ನ್ಯೂ ಮೆಕ್ಸಿಕೊದ ಈ ಮಣ್ಣಿನ ಮನೆಗಳ ಊರಿಗೆ ಅವರು ಬಂದಾಗಿನಿಂದ ಅಡುಗೆಗೆ ಇದ್ದವಳು ಇಲ್ಲಿನ ತೇವಾ ಬುಡಕಟ್ಟಿನ ಈ ಹೆಂಗಸು. ಅವಳಿಗೆ ದೀಕ್ಷಾಸ್ನಾನ ಕೊಟ್ಟು ಹೆಸರಿಟ್ಟವರು ಅವರೇ. ಹಸಿವಿನ ವರ್ಷಗಳಲ್ಲಿ ಮೇಲಿನವರ ಮಾತು ಮೀರಿ ಚರ್ಚಿನ ಕಣಜ ತೆರೆದು ಊರಿಗೆ ಹಂಚಿದ್ದರು. ಕಣಜ ಬರಿದಾದ ಮೇಲೆ ಊರಿನವರ ಜೊತೆ ಕೂತು ಹಸುವಿನ ತೊಗಲು ಬೇಯಿಸಿ ತಿಂದಿದ್ದರು.

ಆದರೆ ಅವಳ ಅಣ್ಣ ತದೇಯೊನ ಬೆನ್ನು ಅವರ ಕಣ್ಣ ಮುಂದಿತ್ತು. ಊರಿನವರು ಬಚ್ಚಿಟ್ಟಿದ್ದ ಹಳೆಯ ದೇವರ ಮುಖವಾಡಗಳನ್ನು ಚರ್ಚಿನ ಅಂಗಳದಲ್ಲಿ ಸುಡಿಸಿದವರು ಅನ್ಸೆಲ್ಮೊ. ಅವನ್ನು ಕಾಯುತ್ತಿದ್ದ ತದೇಯೊನನ್ನು ಕಂಬಕ್ಕೆ ಕಟ್ಟಿಸಿ ಚಾಟಿಯಿಂದ ಹೊಡೆಸಿದವರೂ ಅವರೇ. ಅಂದು ಪೆತ್ರೋನಾ ಅಳಲಿಲ್ಲ. ಮರುದಿನ ಎಂದಿನಂತೆ ಬಂದು ಒಲೆ ಹಚ್ಚಿದಳು.

ಈಗ ಒಂದೊಂದೇ ಅರ್ಥವಾಗತೊಡಗಿತು. ಅವರ ಇನ್ನೊಂದು ನಿಲುವಂಗಿಯನ್ನು ಅವಳು ಒಗೆದು ಗಂಟು ಕಟ್ಟಿಟ್ಟಿದ್ದಳು. ಚಪ್ಪಲಿಗೆ ಹೊಸ ಬಾರು ಹಾಕಿದ್ದಳು. "ದಕ್ಷಿಣಕ್ಕೆ ಹೋಗೋ ಗಾಡಿಗಳು ಯಾವಾಗ ಬರ್ತವೆ ಸ್ವಾಮಿ?" ಎಂದು ದಿನವೂ ಕೇಳುತ್ತಿದ್ದಳು. ತಾವು ಈ ಊರು ಬಿಡಬೇಕು, ಇಲ್ಲವೇ ಸಾಯಬೇಕು ಎಂಬುದೇ ಅವಳ ಎಣಿಕೆ. ಹೇಗಾದರೂ ಚರ್ಚು ಖಾಲಿಯಾಗಬೇಕು, ಮುಖವಾಡಗಳು ಮತ್ತೆ ಹೊರಬರಬೇಕು.

ಗಾಡಿಗಳು ಅಂದೇ ಬಂದವು. ಕಾವಲಿನ ಮುಖಂಡ ರೊಂಕಿಯೊ ಕುದುರೆಯಿಂದ ಇಳಿದು ಪಾದ್ರಿಯನ್ನು ಕಂಡವನೇ ಟೋಪಿ ತೆಗೆದ.

"ಏನಿದು ಗುರುಗಳೇ? ಹೆಣದ ಮುಖದಲ್ಲಾದ್ರೂ ಇದಕ್ಕಿಂತ ಕಳೆ ಇರತ್ತೆ. ಗಾಡೀಲಿ ಜಾಗ ಇದೆ, ಹತ್ತಿಬಿಡಿ. ಎಲ್ ಪಾಸೊದಲ್ಲಿ ಮದ್ದು ಕೊಡೋರು ಸಿಗ್ತಾರೆ."

"ಮೊದಲು ಊಟಕ್ಕೆ ಕೂತ್ಕೋ," ಎಂದರು ಅನ್ಸೆಲ್ಮೊ.

ಪೆತ್ರೋನಾ ಪಾದ್ರಿಯ ಮುಂದೆ ಸಾರಿನ ಬಟ್ಟಲು ತಂದಿಟ್ಟಳು. ಅವರು ಅದನ್ನು ಅವಳ ಕಡೆಗೇ ತಳ್ಳಿದರು.

"ಇವತ್ತು ನೀನು ಉಣ್ಣು."

"ನನ್ನ ಊಟ ಆಯ್ತು ಸ್ವಾಮಿ."

"ಇನ್ನೊಂದ್ಸಲ ಉಣ್ಣು."

ಅವಳು ರೊಂಕಿಯೊನನ್ನು ನೋಡಿದಳು, ಬಾಗಿಲನ್ನು ನೋಡಿದಳು. ಬಟ್ಟಲೆತ್ತಿ ಒಂದೇ ಉಸಿರಿಗೆ ಕುಡಿದಳು. ರೊಂಕಿಯೊ ನಗಲು ಹೊರಟಿದ್ದ. ಅಷ್ಟರಲ್ಲಿ ಅವಳು ಹೊಟ್ಟೆ ಹಿಡಿದುಕೊಂಡು ಹೊಸ್ತಿಲಲ್ಲೇ ಕುಸಿದು ಕಾರಿದಳು. ಅವನು ಅವಳ ಸೊಂಟದ ಚೀಲ ಕಿತ್ತು ಕೊಡವಿದ. ಒಣಗಿದ ಬೇರಿನ ಚೂರುಗಳು ನೆಲಕ್ಕೆ ಬಿದ್ದವು.

"ನನ್ನನ್ನ ಕೊಲ್ಲೋಕಾ ಪೆತ್ರೋನಾ?" ಎಂದರು ಪಾದ್ರಿ.

"ಇದರಿಂದ ಯಾರೂ ಸಾಯಲ್ಲ." ಅವಳು ಬಾಯಿ ಒರೆಸಿಕೊಂಡಳು. "ಕಾಯಿಲೆ ಅಂದ್ರೆ ಹೊರಡ್ತೀರಿ ಅಂದ್ಕೊಂಡೆ."

"ನಾನು ಹೊರಡೋದು ಯಾರಿಗೆ ಬೇಕಾಗಿದೆ? ತದೇಯೊಗಾ?"

ಅಣ್ಣನ ಹೆಸರಿಗೆ ಅವಳ ಮುಖ ಬಿಳಿಚಿಕೊಂಡದ್ದನ್ನು ಅನ್ಸೆಲ್ಮೊ ಗಮನಿಸಿದರು. ಅಷ್ಟು ಸಾಕಿತ್ತು.

"ಇಲ್ಲೇ ಮರಕ್ಕೆ ನೇತುಹಾಕಿದ್ರೆ ಊರಿಗೆಲ್ಲ ಬುದ್ಧಿ ಬರತ್ತೆ," ಎಂದ ರೊಂಕಿಯೊ.

"ಬೇಡ. ಎಲ್ ಪಾಸೊಗೆ ಕರ್ಕೊಂಡು ಹೋಗು. ವಿಚಾರಣೆ ಅಲ್ಲೇ ಆಗಲಿ. ನನಗಿಟ್ಟ ಜಾಗ ಇದೆಯಲ್ಲ, ಅಲ್ಲೇ ಕೂರಿಸು."

ಕೈ ಕಟ್ಟಿ ಅವಳನ್ನು ಗಾಡಿಗೆ ಹತ್ತಿಸಿದರು. ಇಷ್ಟು ವರ್ಷ ಮೆಲುದನಿಯಲ್ಲೇ ಮಾತಾಡಿದವಳು ಈಗ ಕೂಗಿದಳು.

"ಸ್ವಾಮಿ, ನೀವೂ ಬನ್ನಿ. ಸಾಕ್ಷಿ ಹೇಳೋರು ಬೇಡ್ವಾ? ಬಂದು ಹೇಳಿ. ನನ್ನನ್ನ ನೇಣಿಗೆ ಹಾಕಿಸಿ, ಪರವಾಗಿಲ್ಲ. ಆದ್ರೆ ಬನ್ನಿ."

ಈಗಲೂ ಅದೇ ಹೂಟ. ಪಾದ್ರಿಗೆ ಸಿಟ್ಟಿಗಿಂತ ನೋವಾಯಿತು.

"ನಾನು ಇಲ್ಲಿಂದ ಕದಲಲ್ಲ," ಎಂದರು.

ಹೇಸರಗತ್ತೆಗಳು ಮುಂದೆ ನಡೆದವು. ಊರಿನ ಗಂಡಸರು ಮಾಳಿಗೆಗಳ ಮೇಲೆ ನಿಂತು ನೋಡುತ್ತಿದ್ದರು. ತಮ್ಮ ಹೆಣ್ಣುಮಗಳನ್ನು ಕಟ್ಟಿ ಒಯ್ಯುತ್ತಿದ್ದರೂ ಒಬ್ಬನೂ ಕೆಳಗಿಳಿಯಲಿಲ್ಲ. ಅವರ ನಡುವೆ ತದೇಯೊ ಇರಲಿಲ್ಲ.

ಅಂದು ಅನ್ಸೆಲ್ಮೊ ಮೆಕ್ಕೆಜೋಳದ ಗಂಜಿಯನ್ನು ತಾವೇ ಕಾಯಿಸಿ ಕುಡಿದರು. ಅದು ಹೊಟ್ಟೆಯಲ್ಲಿ ಉಳಿಯಿತು. ಎಷ್ಟೋ ದಿನಗಳ ಮೇಲೆ ಕಣ್ತುಂಬ ನಿದ್ದೆ ಬಂತು.

ಬೆಳಿಗ್ಗೆ ಎದ್ದಾಗ ಮೈ ಹಗುರವಾಗಿತ್ತು. ಗಂಟೆ ಬಾರಿಸಲು ಹೊರಟವರು ಅಂಗಳದಲ್ಲೇ ನಿಂತರು. ನದಿಯಾಚೆ, ಸ್ಪೇನಿನವರ ತೋಟದ ಮನೆಗಳಿದ್ದ ಕಡೆ, ಕಪ್ಪು ಹೊಗೆ ಏಳುತ್ತಿತ್ತು. ಚರ್ಚಿನ ಬಾಗಿಲಲ್ಲಿ ತದೇಯೊ ನಿಂತಿದ್ದ. ಮುಖಕ್ಕೆ ಕೆಂಪು ಬಳಿದುಕೊಂಡಿದ್ದ. ಕೈಯಲ್ಲಿ ದೊಣ್ಣೆಯಿತ್ತು. ಹಿಂದೆ ಊರಿಗೆ ಊರೇ ನಿಂತಿತ್ತು.

ತಂಗಿಯ ಸೇಡು ಎಂದುಕೊಂಡರು ಪಾದ್ರಿ. ಹಿಂದೆ ಸರಿಯಲಿಲ್ಲ.

"ಪೆತ್ರೋನಾಳ ಜೀವಕ್ಕೆ ಏನೂ ಆಗಿಲ್ಲ," ಎಂದರು. "ಕಾವಲಿನವರು ಮರಕ್ಕೆ ಹಾಕ್ತೀವಿ ಅಂದ್ರು, ನಾನೇ ಬೇಡ ಅಂದೆ."

"ಗೊತ್ತು ಸ್ವಾಮಿ." ತದೇಯೊನ ಕಣ್ಣು ತುಂಬಿತ್ತು. ದೊಣ್ಣೆಯನ್ನು ಅವನು ಇನ್ನೂ ಎತ್ತಿರಲಿಲ್ಲ.

"ಇವತ್ತು ಈ ಸೀಮೇಲಿ ಸ್ಪೇನಿನವರು ಒಬ್ಬರೂ ಉಳೀಬಾರದು ಅಂತ ಊರೂರು ಸೇರಿ ಆಣೆ ಮಾಡಿದ್ವಿ, ಹಸಿವಲ್ಲಿ ಕಣಜ ತೆರೆದ ನೀವೊಬ್ರು ಮಾತ್ರ ಅಷ್ಟರೊಳಗೆ ಗಾಡಿ ಹತ್ತಿ ಹೊರಟುಹೋಗ್ಲಿ ಅಂತ ಆ ಬೇರು ಅಗೆದು ತಂದ್ಕೊಟ್ಟೋನು ನಾನು."